ಅಪ್ಪನ ರಿಟೈರ್ಮೆಂಟ್ ದುಡ್ಡು ಡೆಟ್ ಫಂಡಿಗೆ ಹಾಕಬಹುದಾ? ಫಂಡ್ ಕಂಪನಿ ಮುಳುಗಿದ್ರೆ ದುಡ್ಡು ಎಲ್ಲಿಗೆ ಹೋಗುತ್ತೆ?

ಅರಸೀಕೆರೆ_ತೆಂಗು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು, ಮೇ ಕೊನೆಗೆ ರಿಟೈರ್ ಆದ್ರು. ಗ್ರಾಚ್ಯುಟಿ, ಕಮ್ಯುಟೇಶನ್, ಗಳಿಕೆ ರಜೆ ದುಡ್ಡು, ಕೆಜಿಐಡಿ ಎಲ್ಲಾ ಸೇರಿ 34 ಲಕ್ಷ ಬಂದಿದೆ, ತಿಂಗಳ ಪೆನ್ಷನ್ ಬೇರೆ ಬರುತ್ತೆ. ಇದ್ರಲ್ಲಿ 12 ಲಕ್ಷ ತಂಗಿ ಮದುವೆಗೆ, ಗಂಡಿನ ಕಡೆಯವರು ವೈಶಾಖದಲ್ಲಿ ಮಾಡಿಕೊಡಿ ಅಂದಿದ್ದಾರೆ, ಅಂದ್ರೆ ಕೈಯಲ್ಲಿ ಇನ್ನು ಹತ್ತು ತಿಂಗಳಿದೆ. ಮಿಕ್ಕಿದ್ದು ಅಪ್ಪ ಅಮ್ಮನ ಮುಂದಿನ ಜೀವನಕ್ಕೆ.

ಬ್ಯಾಂಕಿಂದ ಒಬ್ಬ ಹುಡುಗ ಮನೆಗೇ ಬಂದಿದ್ದ, ಅಪ್ಪನ ಹಳೇ ವಿದ್ಯಾರ್ಥಿ, ಕಾಲಿಗೆ ನಮಸ್ಕಾರ ಮಾಡಿ ಕೂತ. ಎಫ್‌ಡಿಲಿ ಏನೂ ಸಿಗಲ್ಲ ಸರ್, ಮದುವೆ ದುಡ್ಡು ಡೆಟ್ ಫಂಡಲ್ಲಿ ಇಡಿ, ಷೇರಿಗೆ ಹೋಗೋದೇ ಇಲ್ಲ, ಬರೀ ಬಾಂಡು, ಎಫ್‌ಡಿ ಥರಾನೇ ಸೇಫು, ಒಂದೂವರೆ ಪರ್ಸೆಂಟ್ ಜಾಸ್ತಿ ಬರುತ್ತೆ, ಟ್ಯಾಕ್ಸೂ ಉಳಿಯುತ್ತೆ, ಬೇಕಾದ ದಿನ ತೆಗೀಬಹುದು ಅಂತ ಹೇಳಿ ಫಾರಂ ಕೊಟ್ಟು ಹೋಗಿದ್ದಾನೆ. ಅಪ್ಪನಿಗೆ ಶಿಷ್ಯ ಹೇಳಿದ ಅಂದ್ರೆ ಮುಗೀತು, ಸೈನ್ ಹಾಕೋಕೆ ರೆಡಿ. ನಾನು ಫಾರಂ ನೋಡಿದೆ, ಸ್ಕೀಮ್ ಹೆಸರಲ್ಲಿ 'ಕ್ರೆಡಿಟ್ ರಿಸ್ಕ್ ಫಂಡ್' ಅಂತಿದೆ, ಮೂಲೇಲಿ ಬೈಕ್ ಮೀಟರ್ ಥರ ಒಂದು ಚಿತ್ರ, ಮುಳ್ಳು ಕೆಂಪಿನ ಕಡೆಗೆ ವಾಲಿದೆ. ಸೇಫ್ ಅನ್ನೋ ಸ್ಕೀಮಿನ ಹೆಸರಲ್ಲೇ ರಿಸ್ಕ್ ಯಾಕಿದೆ ಅಂತ ನಂಗೆ ನಿದ್ದೆ ಬರ್ತಿಲ್ಲ.

ನಾನು ಹಾಸನದಲ್ಲಿ ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತೀನಿ, ಇದೆಲ್ಲ ಗೊತ್ತಿಲ್ಲ. ನಂಗೆ ಬೇಕಿರೋದು ಇಷ್ಟು, ಫಂಡ್ ಕಂಪನಿಯವರೇ ಬಾಗಿಲು ಹಾಕ್ಕೊಂಡು ಹೋದ್ರೆ ನಮ್ಮ ದುಡ್ಡು ಹೋಯ್ತಾ? ಷೇರೇ ಇಲ್ಲದ ಫಂಡಲ್ಲಿ ದುಡ್ಡು ಕಮ್ಮಿ ಆಗೋದು ಹೇಗೆ? 2020ರಲ್ಲಿ ಯಾವ್ದೋ ಫಂಡ್ ಮುಚ್ಚಿ ಜನ ಕೋರ್ಟಿಗೆ ಹೋಗಿದ್ರು ಅಂತ ಕೇಳಿದ್ದೆ, ಅದೇನು?

---

ಬನಶಂಕರಿ_ಸೆಕೆಂಡ್‌ಸ್ಟೇಜ್

ನಾನು ಬೆಂಗಳೂರಲ್ಲಿ ಹನ್ನೊಂದು ವರ್ಷ ಫಂಡ್ ಅಕೌಂಟಿಂಗ್ ಕೆಲಸ ಮಾಡಿದೀನಿ, ಅಂದ್ರೆ ದಿನಾ ಸಾಯಂಕಾಲ ಫಂಡಿನ ಎನ್‌ಎವಿ ಲೆಕ್ಕ ಹಾಕಿ ಕೊಡೋದು, ಎನ್‌ಎವಿ ಅಂದ್ರೆ ಫಂಡಿನ ಒಂದು ಯೂನಿಟ್ಟಿನ, ಅಂದ್ರೆ ಒಂದು ಪಾಲಿನ, ಆ ದಿನದ ಬೆಲೆ. ಮೊದಲು ಒಂದು ಮಾತು, ಅಪ್ಪಾವ್ರ ಹತ್ರ ಆ ಫಾರಂಗೆ ಸೈನ್ ಹಾಕಿಸಬೇಡಿ, ಕನಿಷ್ಠ ಮದುವೆ ದುಡ್ಡಿಗೆ ಅಂತೂ ಬೇಡ. ಯಾಕೆ ಅಂತ ಹೇಳ್ತೀನಿ.

ಕಂಪನಿ ಬಾಗಿಲು ಹಾಕಿದ್ರೆ ಅನ್ನೋ ಭಯ ಬಿಟ್ಬಿಡಿ. ಮ್ಯೂಚುವಲ್ ಫಂಡ್ ಅನ್ನೋದು ಕಾನೂನು ಪ್ರಕಾರ ಒಂದು ಟ್ರಸ್ಟು, ಷೇರುಪೇಟೆ, ಫಂಡುಗಳನ್ನ ನಿಯಂತ್ರಿಸೋ ಸೆಬಿಯ ನಿಯಮಾವಳಿ ಪ್ರಕಾರ ನಡೆಯುತ್ತೆ. ನಾವು ಫಂಡ್ ಕಂಪನಿ ಅಂತೀವಲ್ಲ, ಎಎಂಸಿ, ಅದು ಆ ಟ್ರಸ್ಟಿನ ದುಡ್ಡನ್ನ ಎಲ್ಲಿ ಹಾಕ್ಬೇಕು ಅಂತ ನೋಡ್ಕೊಳ್ಳೋ ಮ್ಯಾನೇಜರ್ ಮಾತ್ರ, ಅದಕ್ಕೆ ಫೀಸ್ ತಗೊಳ್ಳುತ್ತೆ. ಬಾಂಡು, ಷೇರು ಇರೋದು ಅದನ್ನ ಕಾಯೋಕೆ ಅಂತಲೇ ಇರೋ ಕಸ್ಟೋಡಿಯನ್ ಸಂಸ್ಥೆ ಹತ್ರ, ನಿಮ್ಮ ಯೂನಿಟ್ ಲೆಕ್ಕ ಇರೋದು ಕ್ಯಾಮ್ಸ್, ಕೆಫಿನ್‌ಟೆಕ್ ಥರದ ರಿಜಿಸ್ಟ್ರಾರ್ ಹತ್ರ, ಇದೆಲ್ಲದರ ಮೇಲೆ ಟ್ರಸ್ಟಿಗಳು. ತೋಟ ನಿಮ್ದು, ಮೇಸ್ತ್ರಿ ಬೇರೆಯವನು, ಮೇಸ್ತ್ರಿ ದಿವಾಳಿ ಆದ ಅಂತ ನಿಮ್ಮ ತೋಟ ಅವನ ಸಾಲಗಾರರ ಪಾಲಾಗಲ್ಲ. ಬ್ಯಾಂಕಲ್ಲಿ ಹಾಗಲ್ಲ, ಎಫ್‌ಡಿ ಇಟ್ರೆ ನೀವು ಬ್ಯಾಂಕಿಗೆ ಸಾಲ ಕೊಟ್ಟ ಹಾಗೆ, ಬ್ಯಾಂಕು ಬಿದ್ರೆ ನೀವೂ ಸಾಲ ಕೊಟ್ಟವರ ಸಾಲಲ್ಲಿ ನಿಲ್ಬೇಕು.

ಆದ್ರೆ ತೋಟ ನಿಮ್ದೇ ಆದ್ರೂ ಅಲ್ಲಿ ಏನು ನೆಟ್ಟಿದ್ದಾರೆ ಅನ್ನೋದು ಮುಖ್ಯ ಅಲ್ವಾ. ಬಾಂಡ್ ಅಂದ್ರೆ ಯಾರಿಗೋ ಕೊಟ್ಟ ಸಾಲ. ಸರ್ಕಾರಕ್ಕೆ ಕೊಟ್ಟ ಸಾಲ ಬೇರೆ, ಯಾವುದೋ ಬಿಲ್ಡರಿಗೆ ಕೊಟ್ಟ ಸಾಲ ಬೇರೆ, ಎರಡಕ್ಕೂ ಹೆಸರು ಬಾಂಡೇ. ಕ್ರೆಡಿಟ್ ರಿಸ್ಕ್ ಫಂಡ್ ಅಂದ್ರೆ ದುಡ್ಡಿನಲ್ಲಿ ಕನಿಷ್ಠ ಶೇ 65 ಭಾಗ ಎಎ ಮತ್ತು ಅದಕ್ಕಿಂತ ಕೆಳಗಿನ ರೇಟಿಂಗ್ ಕಂಪನಿ ಬಾಂಡಲ್ಲೇ ಇರಬೇಕು ಅಂತ ಸೆಬಿ ನಿಯಮ. ರೇಟಿಂಗ್ ಅಂದ್ರೆ ಸಾಲ ತೀರಿಸೋ ತಾಕತ್ತಿಗೆ ಕೊಡೋ ಮಾರ್ಕ್ಸು, ಎಎಎ ಎಲ್ಲಕ್ಕಿಂತ ಮೇಲಿಂದು. ಅಂದ್ರೆ ಅತ್ಯುತ್ತಮ ರೇಟಿಂಗ್ ಇಲ್ಲದವರಿಗೆ ಸಾಲ ಕೊಡೋದೇ ಆ ಫಂಡಿನ ಕೆಲಸ, ಆ ಒಂದೂವರೆ ಪರ್ಸೆಂಟ್ ಅಲ್ಲಿಂದಾನೇ ಬರೋದು. ಹುಡುಗ ಸುಳ್ಳು ಹೇಳಿದಾನೆ ಅಂತ ನಾನು ಅನ್ನಲ್ಲ, ಅವನಿಗೆ ಮೇಲಿಂದ ಟಾರ್ಗೆಟ್ ಇರುತ್ತೆ. ಆದ್ರೆ ಟ್ಯಾಕ್ಸ್ ವಿಷಯ ಮಾತ್ರ ಹಳೇ ಕಥೆ, 2023ರ ಏಪ್ರಿಲ್ 1ರ ನಂತರ ತಗೊಂಡ ಡೆಟ್ ಫಂಡಿನ ಲಾಭಕ್ಕೆ ಎಫ್‌ಡಿ ಬಡ್ಡಿ ಥರಾನೇ ನಿಮ್ಮ ಸ್ಲ್ಯಾಬ್ ಪ್ರಕಾರ ಟ್ಯಾಕ್ಸು.

ಈಗ ನೀವು ಕೇಳಿದ 2020ರ ಕಥೆ. ಅದು ಫ್ರಾಂಕ್ಲಿನ್ ಟೆಂಪಲ್‌ಟನ್. 2020ರ ಏಪ್ರಿಲ್ 23ರ ರಾತ್ರಿ ಆರು ಡೆಟ್ ಸ್ಕೀಮ್ ಮುಚ್ತಾ ಇದೀವಿ ಅಂತ ಹೇಳಿದ್ರು, ಒಟ್ಟು ಸುಮಾರು 25 ಸಾವಿರ ಕೋಟಿ. ಅದ್ರಲ್ಲಿ ಕ್ರೆಡಿಟ್ ರಿಸ್ಕ್ ಫಂಡ್ ಇತ್ತು ಸರಿ, ಆದ್ರೆ 'ಅಲ್ಟ್ರಾ ಶಾರ್ಟ್ ಬಾಂಡ್ ಫಂಡ್' ಕೂಡ ಇತ್ತು, ಹೆಸರು ನೋಡಿ ನಾಳೆ ನಾಡಿದ್ದು ಬೇಕಾಗೋ ದುಡ್ಡು ಇಟ್ಟಿದ್ದೋರು ಎಷ್ಟೋ ಜನ. ಬೆಳಗ್ಗೆ ಎದ್ದು ನೋಡಿದ್ರೆ ದುಡ್ಡು ತೆಗಿಯೋ ಬಟನ್ನೇ ಕೆಲಸ ಮಾಡಲ್ಲ.

ಯಾಕೆ ಹೀಗಾಯ್ತು ಅಂದ್ರೆ, ಮದುವೆ ಮನೆ ಊಟದ ಲೆಕ್ಕದಲ್ಲಿ ಹೇಳ್ತೀನಿ. ನೂರು ರೂಪಾಯಿ ಫಂಡು ಅಂದ್ಕೊಳ್ಳಿ. ಹತ್ತು ರೂಪಾಯಿ ನಗದು, ಇಪ್ಪತ್ತು ರೂಪಾಯಿ ಯಾವಾಗ ಬೇಕಾದ್ರೂ ಮಾರೋಕಾಗೋ ಒಳ್ಳೇ ಬಾಂಡು, ಎಪ್ಪತ್ತು ರೂಪಾಯಿ ಕೆಳಗಿನ ರೇಟಿಂಗ್ ಬಾಂಡು, ಅದಕ್ಕೆ ಸಂತೇಲಿ ಗಿರಾಕಿ ಕಮ್ಮಿ. ದಿನಾ ಒಬ್ರೋ ಇಬ್ರೋ ಎದ್ದು ಹೋದ್ರೆ ತೊಂದ್ರೆ ಇಲ್ಲ. ಲಾಕ್‌ಡೌನ್ ಆಯ್ತು, ಎಲ್ರಿಗೂ ಒಟ್ಟಿಗೆ ದುಡ್ಡು ಬೇಕಾಯ್ತು. ಮೊದಲನೇ ಪಂಕ್ತಿಯವರಿಗೆ ಹೋಳಿಗೆ, ತುಪ್ಪ, ಎಲ್ಲಾ ಬಡಿಸಿ ಕಳಿಸಿದ್ರು, ಅಂದ್ರೆ ನಗದು ಮತ್ತೆ ಒಳ್ಳೇ ಬಾಂಡು ಮಾರಿ ಕೊಟ್ರು. ಸಾಲ್ದೆ ಬಂದಾಗ ಬ್ಯಾಂಕಿಂದ ಸಾಲ ತಂದೂ ಕೊಟ್ರು. ಕೊನೇ ಪಂಕ್ತಿಲಿ ಕೂತವರ ಎಲೆಗೆ ಉಳಿದಿದ್ದು ಬರೀ ಮಾರಾಟ ಆಗದ ಬಾಂಡು, ಜೊತೆಗೆ ಬ್ಯಾಂಕಿನ ಸಾಲ. ಹೀಗೇ ಬಿಟ್ರೆ ಕೊನೆಯವರಿಗೆ ಏನೂ ಉಳಿಯಲ್ಲ ಅಂತ ಬಾಗಿಲು ಹಾಕಿದ್ರು. ಎನ್‌ಎವಿ ಅಂತ ನಾವು ದಿನಾ ಹಾಕ್ತೀವಲ್ಲ ಲೆಕ್ಕ, ಅದು ನಿಧಾನಕ್ಕೆ ಮಾರಿದ್ರೆ ಸಿಗೋ ಬೆಲೆ, ಎಲ್ರೂ ಒಂದೇ ಬಾಗಿಲಿಗೆ ನುಗ್ಗಿದಾಗ ಸಿಗೋ ಬೆಲೆ ಅಲ್ಲ. ಹನ್ನೊಂದು ವರ್ಷದಲ್ಲಿ ನಾನು ಕಲ್ತಿದ್ದು ಇದೊಂದೇ ಅಂದ್ರೂ ತಪ್ಪಿಲ್ಲ.

ಮುಂದೆ ಗುಜರಾತ್, ದೆಹಲಿ, ಮದ್ರಾಸ್ ಹೈಕೋರ್ಟುಗಳಲ್ಲಿ ಕೇಸು ಬಿತ್ತು, ಸುಪ್ರೀಂ ಕೋರ್ಟು ಎಲ್ಲಾನೂ ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳಿಸ್ತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ 2020ರ ಅಕ್ಟೋಬರ್ 24ಕ್ಕೆ ತೀರ್ಪು ಕೊಟ್ಟು, ಟ್ರಸ್ಟಿಗಳು ತೀರ್ಮಾನ ಮಾಡಿದ್ರೆ ಸಾಲ್ದು, ಯೂನಿಟ್ ಇಟ್ಟಿರೋ ಜನರ ಒಪ್ಪಿಗೆ ಇಲ್ದೆ ಸ್ಕೀಮ್ ಮುಚ್ಚಂಗಿಲ್ಲ ಅಂತು. ಬಹುಮತದ ಒಪ್ಪಿಗೆ ಬೇಕೇ ಬೇಕು ಅನ್ನೋದನ್ನ 2021ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಹೇಳ್ತು. ಈ ನಡುವೆ 2020ರ ಡಿಸೆಂಬರ್ ಕೊನೇಲಿ ಆನ್‌ಲೈನ್ ವೋಟಿಂಗ್ ಆಗಿ ಬಹುತೇಕರು ಮುಚ್ಚೋಕೆ ಒಪ್ಪಿದ್ರು. 2021ರ ಫೆಬ್ರವರಿಯಲ್ಲಿ ಮೊದಲ ಕಂತು 9,122 ಕೋಟಿ ಎಸ್‌ಬಿಐ ಮ್ಯೂಚುವಲ್ ಫಂಡ್ ಕೈಯಿಂದ ಹಂಚಿದ್ರು. ಆಮೇಲೆ ಕಂತು ಕಂತಾಗಿ ಬಂದು, ಆರೂ ಸ್ಕೀಮ್ ಒಟ್ಟು ಸೇರಿಸಿ ನೋಡಿದ್ರೆ ಮುಚ್ಚಿದ ದಿನ ಇದ್ದಿದ್ದಕ್ಕಿಂತ ಜಾಸ್ತಿನೇ ವಾಪಸ್ ಬಂತು.

ಹಾಗಾದ್ರೆ ನಷ್ಟ ಏನಾಯ್ತು ಅಂತ ಕೇಳೋರಿದ್ದಾರೆ. ಏಪ್ರಿಲ್‌ನಿಂದ ಫೆಬ್ರವರಿಗೆ ಎಷ್ಟು ತಿಂಗಳು ಲೆಕ್ಕ ಹಾಕಿ. ಸರಿಯಾಗಿ ನಿಮ್ಮ ತಂಗಿ ಮದುವೆಗೆ ಉಳಿದಿರೋ ಅಷ್ಟೇ. ಛತ್ರದವರು, ಅಡುಗೆ ಭಟ್ರು ಸುಪ್ರೀಂ ಕೋರ್ಟ್ ತೀರ್ಪಿಗೆ ಕಾಯ್ತಾರಾ?

---

ಮೈಸೂರ್_ಮಲ್ಲಿಗೆ

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ, ನಾನು ಅನುಭವಿಸಿದೀನಿ, ಫಂಡಿನ ಹೆಸರು ಇಲ್ಲಿ ಬೇಡ.

2019ರಲ್ಲಿ ನಾವು ಮನೆ ಕಟ್ತಾ ಇದ್ವಿ. ಮೋಲ್ಡಿಂಗ್ ಆದ್ಮೇಲೆ ಕಾಂಟ್ರಾಕ್ಟರಿಗೆ ಕೊಡಬೇಕಾಗಿದ್ದ 4 ಲಕ್ಷ ಮೂರು ತಿಂಗಳು ಸುಮ್ನೆ ಯಾಕೆ ಸೇವಿಂಗ್ಸಲ್ಲಿ ಇರ್ಬೇಕು ಅಂತ ಒಂದು ಡೆಟ್ ಫಂಡಿಗೆ ಹಾಕಿದ್ವಿ. ಒಂದಿನ ಆಪ್ ತೆಗೆದು ನೋಡಿದ್ರೆ ಒಂದೇ ಸಾಲು ಇದ್ದ ಜಾಗದಲ್ಲಿ ಎರಡು ಸಾಲು. ಒಂದ್ರಲ್ಲಿ ನಮ್ಮ ಫಂಡಿನ ಹೆಸರು, ದುಡ್ಡು ಸ್ವಲ್ಪ ಕಮ್ಮಿ ಆಗಿದೆ. ಕೆಳಗಡೆ ಅದೇ ಹೆಸರು, ಕೊನೇಲಿ 'ಸೆಗ್ರಿಗೇಟೆಡ್ ಪೋರ್ಟ್‌ಫೋಲಿಯೊ' ಅಂತ, ಯೂನಿಟ್ ಅಷ್ಟೇ ಇದೆ, ಎದುರಿಗೆ ಎನ್‌ಎವಿ ಸೊನ್ನೆ. ನಾನು ಆಪ್ ಕೆಟ್ಟಿದೆ ಅಂದ್ಕೊಂಡು ಫೋನ್ ಆಫ್ ಮಾಡಿ ಆನ್ ಮಾಡ್ದೆ.

ಆಮೇಲೆ ಗೊತ್ತಾಗಿದ್ದು, ಫಂಡು ಸಾಲ ಕೊಟ್ಟಿದ್ದ ಒಂದು ಕಂಪನಿ ದುಡ್ಡು ಕಟ್ಟಿಲ್ಲ, ಹಾಗಾಗಿ ಆ ಬಾಂಡನ್ನ ಬೇರೆ ಎತ್ತಿಟ್ಟಿದ್ದಾರೆ, ವಸೂಲಿ ಆದ್ರೆ ಆಗ ಕೊಡ್ತಾರೆ ಅಂತ. ಸೆಬಿ 2018ರ ಕೊನೇಲಿ ಇದಕ್ಕೆ ಅವಕಾಶ ಕೊಟ್ಟಿದೆ. ಕೋಪ ಇಳಿದ ಮೇಲೆ ಯೋಚಿಸಿದ್ರೆ ಅದು ನ್ಯಾಯವೇ ಅನ್ನಿಸ್ತು, ಯಾಕಂದ್ರೆ ಮೊದಲು ಓಡಿಹೋದವರು ಪೂರ್ತಿ ದುಡ್ಡು ತಗೊಂಡು ಆ ಕೆಟ್ಟ ಬಾಂಡನ್ನ ನಮ್ಮ ತಲೆ ಮೇಲೆ ಬಿಟ್ಟು ಹೋಗೋ ಹಾಗಿಲ್ಲ, ಇದ್ದವರಿಗೆಲ್ಲ ಸಮನಾಗಿ ಹಂಚಿಕೆ ಆಗುತ್ತೆ. ಆದ್ರೆ ಆ ತಿಂಗಳು ಕಾಂಟ್ರಾಕ್ಟರಿಗೆ ನ್ಯಾಯ ಹೇಳೋಕಾಗಲ್ಲವಲ್ಲ. ನನ್ನ ಎರಡು ಬಳೆ ಅಡ ಇಟ್ಟು ಕೊಟ್ವಿ. ಕಳ್ಕೊಂಡಿದ್ದು ಮೊತ್ತದಲ್ಲಿ ಸುಮಾರು 18 ಸಾವಿರ, ಅದರಲ್ಲಿ ಅರ್ಧದಷ್ಟು ಎರಡು ವರ್ಷ ಆದ್ಮೇಲೆ ಬಂತು.

ಅರಸೀಕೆರೆ ತಮ್ಮ, ಮದುವೆ ದುಡ್ಡಲ್ಲಿ ಒಂದೂವರೆ ಪರ್ಸೆಂಟ್ ಅಂದ್ರೆ ಹತ್ತು ತಿಂಗಳಿಗೆ 15 ಸಾವಿರ. ಅಷ್ಟಕ್ಕೆ ನಿಮ್ಮಪ್ಪ ಅಮ್ಮ ಹತ್ತು ತಿಂಗಳು ಆಪ್ ನೋಡ್ಕೊಂಡು ಕೂರೋದು ಬೇಡ.

---

ಸಾಧನಕೇರಿ_ಸಂಜಿ

ತಮ್ಮಾ, ನಾನು ಧಾರವಾಡದಾಂವ, ಎಪ್ಪತ್ತೊಂದು ವರ್ಷ. ಮ್ಯಾಲಿನ ಇಬ್ಬರೂ ಛಲೋ ಹೇಳ್ಯಾರ. ಆದರ ಒಂದು ಮಾತು ನಾ ಹೇಳಬೇಕು, ಫಂಡ್ ಬ್ಯಾಡ ಅಂತ ಎಲ್ಲಾ ರೊಕ್ಕ ಒಯ್ದು ಒಂದ ಬ್ಯಾಂಕಿನ್ಯಾಗ ಇಡಬ್ಯಾಡ್ರಿ.

ನಮ್ಮ ಕಾಲದಾಗ ಯೂನಿಟ್ ಟ್ರಸ್ಟಿನ ಯುಎಸ್-64 ಫಂಡ್ ಅಂದ್ರ ಸರಕಾರದ್ದ ಇದ್ದಂಗ. 1964ರಾಗ ಶುರು ಆಗಿದ್ದು, ಮಾಸ್ತರ ಮಂದಿ, ರೈಲ್ವೆ ಮಂದಿ, ಪೋಸ್ಟಿನ ಮಂದಿ ಎಲ್ಲಾರ ಮನ್ಯಾಗೂ ಆ ಸರ್ಟಿಫಿಕೇಟ್ ಟ್ರಂಕಿನ ತಳದಾಗ ಇರತಿತ್ತು. ಇವತ್ತಿನಂಗ ದಿನಾ ಎನ್‌ಎವಿ ಹೇಳೂದು ಇರಲಿಲ್ಲ, ಕೊಡೂ ಬೆಲಿ ತಗೊಳ್ಳೂ ಬೆಲಿ ಅವರ ಹೇಳತಿದ್ರು. ಒಳಗ ಷೇರಿನ ಬೆಲಿ ಬಿದ್ರೂ ಹೊರಗ ಹೇಳೂ ಬೆಲಿ ಬೀಳಲಿಲ್ಲ. 2001ರ ಜುಲೈದಾಗ ಆರು ತಿಂಗಳ ಮಾರೂದೂ ಇಲ್ಲ ಕೊಳ್ಳೂದೂ ಇಲ್ಲ ಅಂತ ನಿಲ್ಲಿಸಿಬಿಟ್ರು. ಕಡೀಕ ಸರಕಾರ ಕೈ ಹಾಕಿ, ಹಳೇ ಕಾಯ್ದೆ ರದ್ದು ಮಾಡಿ, ಸಂಸ್ಥೇನ ಎರಡು ಹೋಳು ಮಾಡಬೇಕಾತು. ದಿನಾ ಎನ್‌ಎವಿ ಕೆಳಗ ಹೋಗೂದು ನೋಡಿ ಈಗಿನ ಹುಡುಗರು ಅಂಜತಾರ, ನಂಗ ಅದು ಛಲೋ ಅನಸ್ತದ. ಒಳಗಿನ ಜ್ವರ ಹೊರಗ ಕಾಣಬೇಕು.

ಇನ್ನ ಬ್ಯಾಂಕಿನ ಮಾತು. ನಮ್ಮ ಅಳಿಯಾ ಹೆಚ್ಚಿನ ಬಡ್ಡಿ ಅಂತ ಒಂದು ಸಹಕಾರಿ ಬ್ಯಾಂಕಿನ್ಯಾಗ ಎಂಟು ಲಕ್ಷ ಇಟ್ಟಿದ್ದ. ಒಂದಿನ ರಿಸರ್ವ್ ಬ್ಯಾಂಕ್ ರೊಕ್ಕ ತಗಿಯೂದಕ್ಕ ನಿರ್ಬಂಧ ಹಾಕ್ತು. ಬ್ಯಾಂಕಿನ ಮುಂದ ಮುಂಜಾನೆ ಐದಕ್ಕ ಹೋಗಿ ಪಾಳೇಕ ನಿಂತಾನ, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಬಗಲಾಗ ಹಿಡಕೊಂಡು. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನ್ಯಾಗ 5 ಲಕ್ಷ ಅಷ್ಟ, ಅಸಲು ಬಡ್ಡಿ ಎರಡೂ ಕೂಡಿ. 2020ರ ಫೆಬ್ರವರಿ ತನಕ ಅದು ಒಂದು ಲಕ್ಷ ಇತ್ತು. ಹಿಂಗ ನಿರ್ಬಂಧ ಬಿದ್ರ ಆ ವಿಮೆ ರೊಕ್ಕ 90 ದಿನದಾಗ ಕೊಡಬೇಕು ಅಂತ 2021ರಾಗ ಕಾಯ್ದೆ ತಿದ್ದ್ಯಾರ, ಅದೊಂದು ದೊಡ್ಡ ಉಪಕಾರ. ಮ್ಯಾಲಿನ ಮೂರು ಲಕ್ಷಕ್ಕ ಅಂವಾ ಇನ್ನೂ ಕಾಯಾಕತ್ತಾನ. ಸಹಕಾರಿ ಬ್ಯಾಂಕ್ ಅಷ್ಟ ಅಲ್ರಿ, 2020ರ ಮಾರ್ಚ್ 5ಕ್ಕ ಯೆಸ್ ಬ್ಯಾಂಕಿನ ಮ್ಯಾಲೂ ನಿರ್ಬಂಧ ಬಂತು, ಒಬ್ಬರಿಗೆ 50 ಸಾವಿರ ಅಷ್ಟ ತಗೀಬೇಕು ಅಂತ. ಅದು ಎರಡು ವಾರದೊಳಗ ತೆರೀತು, ಎಸ್‌ಬಿಐ ಮತ್ತ ಬ್ಯಾರೆ ಬ್ಯಾಂಕಿನವರು ಬಂಡವಾಳ ಹಾಕಿದ್ರು, ಠೇವಣಿದಾರರದು ಒಂದು ರೂಪಾಯಿನೂ ಹೋಗಲಿಲ್ಲ. ಆದರ ಅದೇ ಬ್ಯಾಂಕಿನ, ಬ್ಯಾಂಕ್ ಬಿದ್ರ ವಾಪಸ್ ಕೊಡಬೇಕಂತಿಲ್ಲದ ಎಟಿ-1 ಬಾಂಡ್ ತಗೊಂಡವರದು 8,415 ಕೋಟಿ ಸೊನ್ನೆ ಅಂತ ಬರದ್ರು. ಅದನ್ನ ಹಿರಿಯರಿಗೆ ಎಫ್‌ಡಿ ಇದ್ದಂಗ ಅಂತ ಹೇಳಿ ಮಾರಿದ್ರು ಅಂತ ಸೆಬಿನೂ ಆದೇಶ ಮಾಡಿತ್ತು. 'ಎಫ್‌ಡಿ ಇದ್ದಂಗ' ಅನ್ನೂ ಮಾತು ಕೇಳಿದ್ರ ನಾ ಈಗ ಚಹಾ ಕುಡಿಸಿ ಕಳಿಸ್ತೀನಿ.

ನಿಮ್ಮ ತಂದಿಗೆ ಅರವತ್ತು ಆಗೇದಲ್ಲ, ಪೋಸ್ಟ್ ಆಫೀಸಿನ್ಯಾಗ ಹಿರಿಯ ನಾಗರಿಕರ ಉಳಿತಾಯ ಯೋಜನಾ ಐತಿ, 30 ಲಕ್ಷ ತನಕ ಇಡಬಹುದು, 2023ರಿಂದ ಶೇ 8.2 ಬಡ್ಡಿ ನಡದೈತಿ, ಮೂರು ತಿಂಗಳಿಗೊಮ್ಮೆ ಕೈಗೆ ಬರ್ತೈತಿ. ಐದು ವರ್ಷದ್ದು. ಮದುವಿ ರೊಕ್ಕ ಅದರಾಗ ಬ್ಯಾಡ, ನಡುವ ಮುರದ್ರ ದಂಡ ಹಿಡೀತಾರ. ಮದುವಿದ್ದು ಎರಡು ಮೂರು ದೊಡ್ಡ ಬ್ಯಾಂಕಿನ್ಯಾಗ ಒಂಬತ್ತು ತಿಂಗಳ ಎಫ್‌ಡಿ, ಒಂದೊಂದರಾಗ ಐದರ ಒಳಗ.

---

ಎಸ್‌ಐಪಿ_ಸೀನ

ಎಲ್ರೂ ಸೇರಿ ಹುಡುಗನ್ನ ಹೆದರಿಸ್ತಾ ಇದೀರ ಅನ್ಸುತ್ತೆ. ನಾನು 2017ರಿಂದ ತಿಂಗಳಿಗೆ 5 ಸಾವಿರ ಎಸ್‌ಐಪಿ ಮಾಡ್ತಿದೀನಿ, ಇಂಡೆಕ್ಸ್ ಫಂಡ್, ಅಂದ್ರೆ ಸೆನ್ಸೆಕ್ಸ್ ಥರದ ಪಟ್ಟಿಲಿರೋ ಷೇರನ್ನೇ ಕೊಳ್ಳೋ ಫಂಡು. 2020ರ ಮಾರ್ಚ್ 23ಕ್ಕೆ ಸೆನ್ಸೆಕ್ಸ್ ಒಂದೇ ದಿನ 3,935 ಪಾಯಿಂಟ್ ಬಿತ್ತು, ಶೇ 13ಕ್ಕಿಂತ ಜಾಸ್ತಿ, ನಾನು ಹಾಕಿದ್ದಕ್ಕಿಂತ ಕೆಳಗೆ ಹೋಗಿತ್ತು ನನ್ನ ಲೆಕ್ಕ. ನಿಲ್ಲಿಸಲಿಲ್ಲ. ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಸೆನ್ಸೆಕ್ಸ್ ಹಳೇ ಎತ್ತರ ದಾಟಿ ಮೇಲೆ ಹೋಗಿತ್ತು. ಹಾಗಾದ್ರೆ ಫಂಡೇ ಬೇಡ ಅಂತೀರಾ? ಹಣದುಬ್ಬರ ತಿನ್ನೋದು ಯಾರೂ ಲೆಕ್ಕಕ್ಕೆ ತಗೊಳ್ಳಲ್ವಾ? ಮೇಷ್ಟ್ರು ಇನ್ನೂ ಇಪ್ಪತ್ತೈದು ವರ್ಷ ಬಾಳ್ಬೇಕು, ಬರೀ ಬಡ್ಡಿಲಿ ಆಗುತ್ತಾ?

---

ಬನಶಂಕರಿ_ಸೆಕೆಂಡ್‌ಸ್ಟೇಜ್

ಸೀನ ಅವ್ರೇ, ಫಂಡ್ ಬೇಡ ಅಂತ ನಾನು ಹೇಳಲ್ಲ, ನನ್ನ ಮಗಳ ಓದಿನ ದುಡ್ಡು ಪೂರ್ತಿ ಫಂಡಲ್ಲೇ ಇದೆ. ನೀವು ಮಾರ್ಚಲ್ಲಿ ನಿಲ್ಲಿಸ್ದೆ ಇರೋಕೆ ಆಗಿದ್ದು ಆ ದುಡ್ಡು ನಿಮಗೆ ಆ ವರ್ಷ ಬೇಕಿರಲಿಲ್ಲ ಅನ್ನೋ ಕಾರಣಕ್ಕೆ. ಅದೇ ಮಾರ್ಚ್ 23ಕ್ಕೆ ಆಸ್ಪತ್ರೆ ಬಿಲ್ ಕಟ್ಟಬೇಕಾಗಿದ್ರೆ ಡಿಸೆಂಬರ್ ಎತ್ತರ ನಿಮ್ಮ ಉಪಯೋಗಕ್ಕೆ ಬರ್ತಿರಲಿಲ್ಲ. ಹಣದುಬ್ಬರದ ಮಾತು ಒಪ್ತೀನಿ. ಮೇಷ್ಟ್ರಿಗೆ ಪೆನ್ಷನ್ ಇದೆ, ತುಟ್ಟಿಭತ್ಯೆ ಏರುತ್ತೆ, ಹಾಗಾಗಿ ಹತ್ತು ವರ್ಷ ಮುಟ್ಟದೇ ಇರೋ ದುಡ್ಡು ಅಂತ ಒಂದು ಮೂರು ನಾಲ್ಕು ಲಕ್ಷ ಇದ್ರೆ ಅದನ್ನ ಇಂಡೆಕ್ಸ್ ಫಂಡಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಲಿ, ಅದಕ್ಕೆ ನನ್ನ ವಿರೋಧ ಇಲ್ಲ. ಸ್ಮಾಲ್ ಕ್ಯಾಪ್, ಅಂದ್ರೆ ಸಣ್ಣ ಕಂಪನಿ ಷೇರಿನ ಫಂಡು ಮಾತ್ರ ಬೇಡ. 2024ರಿಂದ ಫಂಡಿನವರು ಸ್ಮಾಲ್ ಕ್ಯಾಪ್, ಮಿಡ್ ಕ್ಯಾಪ್ ಸ್ಕೀಮಿಗೆ ಪ್ರತಿ ತಿಂಗಳು ಸ್ಟ್ರೆಸ್ ಟೆಸ್ಟ್ ಹಾಕ್ತಾರೆ, ಅರ್ಧ ಪೋರ್ಟ್‌ಫೋಲಿಯೊ ಮಾರೋಕೆ ಎಷ್ಟು ದಿನ ಬೇಕು ಅಂತ. ಒಂದ್ಸಲ ತೆಗೆದು ನೋಡಿ, ಮೊದಲನೇ ಪಂಕ್ತಿ ಕೊನೇ ಪಂಕ್ತಿ ಕಥೆ ಷೇರಿಗೂ ಇದೆ ಅಂತ ಅರ್ಥ ಆಗುತ್ತೆ.

ಇನ್ನೊಂದು ವಿಷಯ ಬರೀಲೇಬೇಕು, ಇದು ಒಂದು ಫಂಡಿನ ಕಥೆ ಅಲ್ಲ. ಲಾರಿ ತಗೊಳ್ಳೋನಿಗೆ ಬ್ಯಾಂಕಲ್ಲದ ಫೈನಾನ್ಸ್ ಕಂಪನಿ, ಅಂದ್ರೆ ಎನ್‌ಬಿಎಫ್‌ಸಿ ನಾಲ್ಕು ವರ್ಷಕ್ಕೆ ಸಾಲ ಕೊಡುತ್ತೆ. ಆ ಎನ್‌ಬಿಎಫ್‌ಸಿಗೆ ದುಡ್ಡು ಎಲ್ಲಿಂದ? ಬಹಳಷ್ಟು ಜನ ಮೂರು ತಿಂಗಳ ಕಮರ್ಷಿಯಲ್ ಪೇಪರ್ ಅಂತ ಚೀಟಿ ಬರೆದು ಸಾಲ ಎತ್ತೋರು, ಅದನ್ನ ಕೊಳ್ಳೋದು ಲಿಕ್ವಿಡ್ ಫಂಡುಗಳು, ಅಂದ್ರೆ ಇಂಥ ಚಿಕ್ಕ ಅವಧಿ ಸಾಲಕ್ಕೇ ದುಡ್ಡು ಹಾಕೋ ಡೆಟ್ ಫಂಡುಗಳು. ಮೂರು ತಿಂಗಳಿಗೆ ಹಳೇ ಚೀಟಿ ತೀರಿಸಿ ಹೊಸ ಚೀಟಿ. ಹೊಸ ಚೀಟಿ ಕೊಳ್ಳೋರು ಇರೋವರೆಗೂ ಗಾಡಿ ಓಡುತ್ತೆ. ರಸ್ತೆ, ಸೇತುವೆ ಥರದ ಕೆಲಸಕ್ಕೆ ದುಡ್ಡು ಹಾಕ್ತಿದ್ದ, 2018ರ ಆಗಸ್ಟ್ ಆರಂಭದವರೆಗೂ ಎಎಎ ರೇಟಿಂಗ್ ಇದ್ದ ಐಎಲ್ ಅಂಡ್ ಎಫ್‌ಎಸ್ ಗುಂಪು ಸೆಪ್ಟೆಂಬರಲ್ಲಿ ಸಾಲ ಕಟ್ಟೋಕಾಗ್ದೆ ನಿಂತಿತು, ಒಟ್ಟು ಸಾಲ 90 ಸಾವಿರ ಕೋಟಿ ದಾಟಿತ್ತು. ಅದೇ ತಿಂಗಳು 21ಕ್ಕೆ ಒಂದು ಫಂಡು ಮನೆ ಸಾಲ ಕೊಡೋ ಕಂಪನಿ ಡಿಎಚ್‌ಎಫ್‌ಎಲ್ ಪೇಪರನ್ನ ಕಮ್ಮಿ ಬೆಲೆಗೆ ಮಾರಿದೆ ಅನ್ನೋ ಸುದ್ದಿಗೇ ಆ ಷೇರು ಒಂದೇ ದಿನ ಶೇ 40ಕ್ಕಿಂತ ಜಾಸ್ತಿ ಕುಸೀತು. ಫಂಡಿಂದ ಕಾರ್ಪೊರೇಟ್ ದುಡ್ಡು ಹೊರಗೆ, ಫಂಡು ಹೊಸ ಚೀಟಿ ಕೊಳ್ಳಲ್ಲ, ಎನ್‌ಬಿಎಫ್‌ಸಿ ಸಾಲ ಕೊಡಲ್ಲ, ಕೊನೆಗೆ ತುಮಕೂರಲ್ಲೋ ಹುಬ್ಬಳ್ಳಿಲೋ ಲಾರಿ ತಗೊಳ್ಳೋಕೆ ಹೋದವನಿಗೆ ಸಾಲ ಇಲ್ಲ. ಅಮೆರಿಕದಲ್ಲೂ ಹೀಗೇ ಆಗಿದ್ದು, 2008ರ ಸೆಪ್ಟೆಂಬರ್ 16ಕ್ಕೆ ರಿಸರ್ವ್ ಪ್ರೈಮರಿ ಫಂಡ್ ಅನ್ನೋ ಹಳೇ ಮನಿ ಮಾರ್ಕೆಟ್ ಫಂಡು, ನಮ್ಮ ಲಿಕ್ವಿಡ್ ಫಂಡ್ ಥರದ್ದು, ಅಲ್ಲಿನ ಬ್ಯಾಂಕ್ ಲೀಮನ್ ಬ್ರದರ್ಸ್‌ಗೆ ಕೊಟ್ಟ ಸಾಲ ಮುಳುಗಿ ಒಂದು ಡಾಲರ್ ಯೂನಿಟ್ 97 ಸೆಂಟಿಗೆ ಇಳೀತು. ಮೂರೇ ಮೂರು ಸೆಂಟು. ಅಷ್ಟಕ್ಕೇ ಜನ ಎಲ್ಲಾ ಫಂಡಿಂದಲೂ ಎದ್ದು ಓಡಿದ್ರು, ಕೊನೆಗೆ ಅಲ್ಲಿನ ಸರ್ಕಾರವೇ ಗ್ಯಾರಂಟಿ ಕೊಡಬೇಕಾಯ್ತು.

ನಮ್ಮಲ್ಲೂ ಫ್ರಾಂಕ್ಲಿನ್ ಬಾಗಿಲು ಹಾಕಿದ ನಾಲ್ಕನೇ ದಿನ, ಏಪ್ರಿಲ್ 27ಕ್ಕೆ, ರಿಸರ್ವ್ ಬ್ಯಾಂಕ್ ಫಂಡುಗಳಿಗೋಸ್ಕರ 50 ಸಾವಿರ ಕೋಟಿವರೆಗೆ ಸಾಲ ಸಿಗೋ ಕಿಟಕಿ ತೆರೀತು. ಆದ್ರೂ ಆ ತಿಂಗಳು ಕ್ರೆಡಿಟ್ ರಿಸ್ಕ್ ಫಂಡುಗಳಿಂದ 19 ಸಾವಿರ ಕೋಟಿಗೂ ಜಾಸ್ತಿ ಹೊರಗೆ ಹೋಯ್ತು, ಏನೂ ತಪ್ಪು ಮಾಡದ ಫಂಡಿಂದಲೂ. 2018ರ ಆ ಗಲಾಟೆ ಆದ್ಮೇಲೆ ನಿಯಮ ಬಿಗಿ ಆಗಿದೆ, ಲಿಕ್ವಿಡ್ ಫಂಡಲ್ಲಿ ಶೇ 20 ನಗದು, ಸರ್ಕಾರಿ ಬಾಂಡ್ ಥರದ್ದೇ ಇರಬೇಕು, 2023ರಲ್ಲಿ ಕಷ್ಟಕಾಲಕ್ಕೆ ಬಾಂಡ್ ಕೊಳ್ಳೋಕೆ ಅಂತಲೇ ಒಂದು ನಿಧಿ ಮಾಡಿದಾರೆ. ಒಳ್ಳೇದೇ. ಆದ್ರೆ ಡೇಟ್ ಫಿಕ್ಸ್ ಆಗಿರೋ ದುಡ್ಡನ್ನ ಡೇಟ್ ಫಿಕ್ಸ್ ಆಗಿರೋ ಜಾಗದಲ್ಲೇ ಇಡಿ ಅನ್ನೋ ನನ್ನ ಮಾತು ಬದಲಾಗಲ್ಲ.

ಅರಸೀಕೆರೆ ಅವ್ರೇ, ಅಪ್ಪಾವ್ರಿಗೆ ಬಾಯಲ್ಲಿ ಹೇಳಬೇಡಿ. ಆ ಸ್ಕೀಮಿನ ಫ್ಯಾಕ್ಟ್‌ಶೀಟ್ ಆನ್‌ಲೈನಲ್ಲಿ ಸಿಗುತ್ತೆ, ಯಾರ್ಯಾರಿಗೆ ಎಷ್ಟೆಷ್ಟು ಸಾಲ ಕೊಟ್ಟಿದ್ದಾರೆ, ಪಕ್ಕದಲ್ಲಿ ರೇಟಿಂಗ್ ಏನು ಅಂತ ಪಟ್ಟಿ ಇರುತ್ತೆ. ಪ್ರಿಂಟ್ ತೆಗೆದು ಕೊಡಿ.

---

ಅರಸೀಕೆರೆ_ತೆಂಗು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಾಲ್ಕು ದಿನ ಬಿಟ್ಟು ಬರೀತಿದೀನಿ. ಸರ್ ಹೇಳಿದ ಹಾಗೆ ಪ್ರಿಂಟ್ ತೆಗೆಸಿ ಕೊಟ್ಟೆ. ಅಪ್ಪ ಕನ್ನಡಕ ಹಾಕ್ಕೊಂಡು ಊಟದ ಟೇಬಲ್ ಮೇಲೆ ಹರವಿ, ಪೇಪರ್ ತಿದ್ದೋ ಕೆಂಪು ಪೆನ್ ತಗೊಂಡು, ಎಎಎ ಮತ್ತೆ ಸರ್ಕಾರದ್ದು ಇದ್ದಿದ್ದಕ್ಕೆಲ್ಲ ರೈಟು, ಕೆಳಗಿನ ರೇಟಿಂಗಿಗೆಲ್ಲ ಇಂಟು ಹಾಕ್ಕೊಂಡು ಹೋದ್ರು. ಕೊನೇಲಿ ಎಣಿಸಿ ನೋಡಿ, ಇವರಲ್ಲಿ ಅರ್ಧಕ್ಕರ್ಧ ಜನರ ಹೆಸರೇ ನಾನು ಕೇಳಿಲ್ಲ, ಇವರಿಗೆ ನನ್ನ ಮಗಳ ಮದುವೆ ದುಡ್ಡು ಸಾಲ ಕೊಡೋದಾ ಅಂದ್ರು.

ಮಾರನೇ ದಿನ ಆ ಹುಡುಗ ಫೋನ್ ಮಾಡ್ದಾಗ ಅಪ್ಪ ಬೈಲಿಲ್ಲ. ಎಫ್‌ಡಿ ಥರಾನೇ ಸೇಫ್ ಅಂದ್ಯಲ್ಲಪ್ಪ, ಅದನ್ನ ಬ್ಯಾಂಕಿನ ಲೆಟರ್‌ಹೆಡ್ಡಲ್ಲಿ ಬರೆದು ಸೀಲ್ ಹಾಕಿ ಕೊಡ್ತೀಯಾ ಅಂತ ಕೇಳಿದ್ರು. ಅವನು ಸ್ವಲ್ಪ ಹೊತ್ತು ಸುಮ್ನಿದ್ದು, ಆಗಲ್ಲ ಸರ್ ಅಂದ. ಸರಿ ಹಾಗಾದ್ರೆ ಎಫ್‌ಡಿ ಫಾರಂ ತಗೊಂಡು ಬಾ ಅಂದ್ರು. 4 ಲಕ್ಷ ಅವನ ಬ್ಯಾಂಕಲ್ಲೇ ಇಟ್ಟಿದ್ದಾರೆ, ಮಿಕ್ಕಿದ 8 ಇನ್ನೆರಡು ಬ್ಯಾಂಕಲ್ಲಿ, ಎಲ್ಲಾ ಯುಗಾದಿ ಹೊತ್ತಿಗೆ ಕೈಗೆ ಬರೋ ಹಾಗೆ. 18 ಲಕ್ಷ ಪೋಸ್ಟ್ ಆಫೀಸಿಗೆ, ಸಾಧನಕೇರಿ ಅಜ್ಜಾವ್ರು ಹೇಳಿದ ಸ್ಕೀಮು. ಇನ್ನು 4 ಲಕ್ಷದ ಬಗ್ಗೆ ಅಪ್ಪ ಸೀನ ಅವ್ರು ಬರೆದಿದ್ದನ್ನ ಎರಡು ಸಲ ಓದಿಸಿಕೊಂಡ್ರು, ಇನ್ನೂ ಏನೂ ಹೇಳಿಲ್ಲ.

ಒಂದು ಡೌಟು. ಆ ಪಟ್ಟಿಲಿ ಒಂದೇ ಗ್ರೂಪಿನ ಮೂರು ಕಂಪನಿ ಬೇರೆ ಬೇರೆ ಹೆಸರಲ್ಲಿ ಇದ್ವು, ಅಪ್ಪ ಅದಕ್ಕೆ ಬ್ರಾಕೆಟ್ ಹಾಕಿ 'ಒಬ್ಬನೇ ಹುಡುಗ ಮೂರು ಪೇಪರ್' ಅಂತ ಬರೆದಿದ್ದಾರೆ. ಅದು ತೊಂದ್ರೆನಾ?

---

ಬನಶಂಕರಿ_ಸೆಕೆಂಡ್‌ಸ್ಟೇಜ್

ತೊಂದ್ರೆನೇ. ಒಂದು ಗ್ರೂಪಿಗೆ ಒಟ್ಟು ಎಷ್ಟು ಕೊಡಬಹುದು ಅಂತ ಸೆಬಿ ಮಿತಿ ಇಟ್ಟಿದೆ, ಆ ಮಿತಿ ಒಳಗೇ ಇರುತ್ತೆ. ಆದ್ರೆ ಐಎಲ್ ಅಂಡ್ ಎಫ್‌ಎಸ್‌ನಲ್ಲಿ ತಾಯಿ ಕಂಪನಿ ಬಿದ್ದಾಗ ಮರಿ ಕಂಪನಿಗಳ ಬಾಂಡೂ ಅದರ ಜೊತೇಲೇ ಬಿದ್ದಿದ್ವು, ರಸ್ತೆ ಟೋಲ್ ದುಡ್ಡು ಸರಿಯಾಗಿ ಬರ್ತಾ ಇದ್ದ ಕಂಪನಿಗಳದ್ದೂ. ಹೆಸರು ಮೂರಿದ್ರೂ ಯಜಮಾನ ಒಬ್ಬನೇ ಅಲ್ವಾ. ಮೇಷ್ಟ್ರು ಬ್ರಾಕೆಟ್ ಸರಿಯಾಗೇ ಹಾಕಿದ್ದಾರೆ. ಆ 4 ಲಕ್ಷಕ್ಕೆ ಇಂಡೆಕ್ಸ್ ಫಂಡ್ ನೋಡೋದಾದ್ರೆ ಅದರ ಫ್ಯಾಕ್ಟ್‌ಶೀಟೂ ಪ್ರಿಂಟ್ ತೆಗೆಸಿ ಅವರ ಕೈಗೇ ಕೊಡಿ.